9 ಗುಳಿಗೆ ಉಳಿಯಬೇಕಿತ್ತು: ಅಕ್ಕನಿಗೆ ನೋವಿನ ಮದ್ದು ಹೊತ್ತಿಗೆ ಸರಿಯಾಗಿ ಸಿಗುವಂತೆ ಮಾಡಿದ ಬಗೆ

ಸ್ಟ್ರಿಪ್ಪಿನಲ್ಲಿ 9 ಗುಳಿಗೆ ಉಳಿದಿರಬೇಕಿತ್ತು. 14 ಇದ್ದವು.

ಹಿಂದಿನ ಭಾನುವಾರ ಸಂಜೆ 5ಕ್ಕೆ ಪ್ಯಾರಾಸಿಟಮಾಲ್ 650ರ ಎರಡು ಹೊಸ ಸ್ಟ್ರಿಪ್, ಒಟ್ಟು 30 ಗುಳಿಗೆ, ಅಕ್ಕ ಇರುವ ಕೇರ್ ಸೆಂಟರಿನಲ್ಲಿ ನಾನೇ ಕೈಯಾರೆ ಕೊಟ್ಟು ಬಂದಿದ್ದೆ. ದಿನಕ್ಕೆ ಮೂರು. ಆ ರಾತ್ರಿಯದ್ದು 1, ಸೋಮವಾರದಿಂದ ಶನಿವಾರದವರೆಗೆ 18, ಈ ಭಾನುವಾರದ ಬೆಳಗ್ಗೆ, ಮಧ್ಯಾಹ್ನದ್ದು 2. ಒಟ್ಟು 21 ಖರ್ಚಾಗಬೇಕು. ಆದದ್ದು 16. ಮದ್ದು ಕೊಟ್ಟದ್ದಕ್ಕೆ ಸಿಸ್ಟರುಗಳು ಸಹಿ ಹಾಕುವ ಚಾರ್ಟ್ ತೆಗೆದು ನೋಡಿದರೆ 21 ಚೌಕದಲ್ಲೂ ಸಹಿ ಇದೆ. ಅದರಲ್ಲಿ ರಾತ್ರಿಯ ಸಾಲಿನ ಏಳೂ ಸಹಿ ಒಂದೇ ಪೆನ್ನು, ಒಂದೇ ವಾಲು. ಒಂದೇ ಉಸಿರಿನಲ್ಲಿ ಹಾಕಿದ್ದು ಅಂತ ಗಲ್ಲಾದ ಮೇಲೆ ಕೂತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಡಾಕ್ಟರಲ್ಲ. ಕುಂದಾಪುರದ ಕಡೆಯವನು. ಚಿಕ್ಕವನಿದ್ದಾಗಲೇ ಮುಂಬೈಗೆ ಬಂದು, ಹಗಲು ಹೊಟೇಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ಮ್ಯಾನೇಜರಾಗಿ ನಿವೃತ್ತನಾದೆ. ಹಾಲಿನ ಪ್ಯಾಕೆಟ್ಟು, ಗ್ಯಾಸ್ ಸಿಲಿಂಡರು, ಉದ್ದಿನಬೇಳೆಯ ಮೂಟೆ ಎಣಿಸಿಯೇ ಕೂದಲು ಹಣ್ಣಾಯಿತು. ಆ ಚಟ ಅಕ್ಕನ ಕಾಲಕ್ಕೆ ಉಪಯೋಗಕ್ಕೆ ಬಂತು.

ಅಕ್ಕನಿಗೆ 81. ಡೊಂಬಿವಲಿಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು. ಬೆನ್ನಿನ ಮೂಳೆಯೊಂದು ಮೊದಲೇ ಟೊಳ್ಳಾಗಿ ಕುಸಿದಿದೆ ಎಂದು ಆಗ ಗೊತ್ತಾಯಿತು. ನಮ್ಮದು ಲಿಫ್ಟಿಲ್ಲದ ಮೂರನೇ ಮಾಳಿಗೆ. ನನ್ನ ಹೆಂಡತಿಗೂ ಮಂಡಿ ಹೋಗಿದೆ. ಮಸ್ಕತ್ತಿನಲ್ಲಿರುವ ಅಕ್ಕನ ಮಗ, "ಮಾವ, ದುಡ್ಡಿನ ಚಿಂತೆ ಬೇಡ, ಒಳ್ಳೆ ಜಾಗ ನೋಡಿ" ಅಂದ. ಹಾಗೆ ಬದ್ಲಾಪುರದ ಕಡೆಯ ಒಂದು ಕೇರ್ ಸೆಂಟರಿಗೆ ಸೇರಿಸಿದೆವು. ನಮ್ಮ ಮುಂಬೈಯಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ. ಮುದುಕರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಜಾಗಕ್ಕೆ ಒಬ್ಬರು ವೃದ್ಧಾಶ್ರಮ ಅನ್ನುತ್ತಾರೆ, ಇನ್ನೊಬ್ಬರು ಕೇರ್ ಸೆಂಟರ್. ಹೆಸರು ಏನೇ ಇರಲಿ, ಸೇರಿಸುವ ಮೊದಲು ನಾನು ಕೇಳದೆ ಬಿಟ್ಟ ಎರಡು ಪ್ರಶ್ನೆಗಳನ್ನು ನೀವು ಕೇಳಿ. ರಾತ್ರಿ ಪಾಳಿಯಲ್ಲಿ ಕಲಿತ ನರ್ಸ್ ಇರುತ್ತಾರೋ, ಬ್ಯೂರೋದಿಂದ ಬಂದ ಮಾವಶಿ, ಅಂದರೆ ಆಯಾ, ಮಾತ್ರವೋ? ಮದ್ದಿನ ಕಪಾಟಿನ ಕೀಲಿ ರಾತ್ರಿ ಯಾರ ಹತ್ತಿರ? ನಮ್ಮಲ್ಲಿ ಆಗ ಕೀಲಿ ಮ್ಯಾನೇಜರ ಹತ್ತಿರ, ಮ್ಯಾನೇಜರು ಸಂಜೆ 7ಕ್ಕೆ ಮನೆಗೆ.

ಆ ಐದು ಗುಳಿಗೆ ಎಲ್ಲಿ ತಪ್ಪಿದವು ಎಂದು ಪಕ್ಕದ ಮಂಚದ ಹೆಂಗಸು ಹೇಳಿದರು. ಮರಾಠಿ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು, ಕಣ್ಣು ಚುರುಕು. "ರಾತ್ರಿ 10ರದ್ದು. ಅವರು ಮಲಗಿರುತ್ತಾರೆ, ಹುಡುಗಿ ಬಂದು ನೋಡಿ ಹೋಗುತ್ತಾಳೆ. 3 ಗಂಟೆಗೆ ಎದ್ದು ನರಳುತ್ತಾರೆ." ನನಗೆ ರಕ್ತ ಕುದಿಯಿತು. ರಾತ್ರಿಯ ಸಿಸ್ಟರ್ ಬರುವ ತನಕ ಕಾದು ಕೂತೆ. ಲಾತೂರ್ ಕಡೆಯ ಹುಡುಗಿ, ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಕೇಳಿದ್ದಕ್ಕೆ ಕಣ್ಣು ತುಂಬಿಕೊಂಡು, "ಅಣ್ಣಾ, ಆಜಿ ಅಷ್ಟು ಚೆನ್ನಾಗಿ ನಿದ್ದೆ ಮಾಡ್ತಿರ್ತಾರೆ, ಎಬ್ಬಿಸೋಕೆ ಮನಸ್ಸೇ ಬರಲ್ಲ" ಅಂದಳು. ಬಂದ ಬೈಗುಳ ಗಂಟಲಲ್ಲೇ ಉಳಿಯಿತು. ಅಕ್ಕನ ಮೇಲಿನ ಕರುಣೆಯೇ ಅಕ್ಕನನ್ನು 3 ಗಂಟೆಗೆ ಎಬ್ಬಿಸುತ್ತಿತ್ತು. ಅದರ ಮೇಲೆ ಸುಳ್ಳು ಸಹಿ ಹಾಕಿದ್ದು ತಪ್ಪು, ಅದನ್ನು ಹೇಳಿದೆ. ಆದರೆ ಗದರಿಸಿ ಸರಿಮಾಡುವ ಜಾತಿಯ ತಪ್ಪಲ್ಲ ಇದು.

ನೋವಿನ ಮದ್ದಿಗೆ ಹೊತ್ತು ಯಾಕೆ ಮುಖ್ಯ ಎಂದು ಅವಳಿಗೆ ನನ್ನ ಭಾಷೆಯಲ್ಲೇ ಹೇಳಿದೆ. ಗಿರಾಕಿ ಬಂದು ಕೂತ ಮೇಲೆ ಅಕ್ಕಿ ನೆನೆಹಾಕಿದರೆ ಇಡ್ಲಿ ಯಾವಾಗ ಬೇಯುವುದು? ಪ್ಯಾರಾಸಿಟಮಾಲ್ ನುಂಗಿದ ಮೇಲೆ ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಬಲ ಇಳಿಯುತ್ತದೆ. ನೋವು ಏರಿ ಕೂತ ಮೇಲೆ ಅದನ್ನು ಇಳಿಸುವುದು ಏರದಂತೆ ತಡೆಯುವುದಕ್ಕಿಂತ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರಿನ ನೋವಿಗೆ ಮಾಡಿದ ಸೂತ್ರದಲ್ಲೂ ಇದೇ ಇದೆ: ಮದ್ದನ್ನು ಗಡಿಯಾರ ನೋಡಿ ಕೊಡಿ, ನರಳಾಟ ಕೇಳಿಸಿದ ಮೇಲೆ ಅಲ್ಲ.

ಮೊದಲು ಚೀಟಿ ಸರಿಮಾಡಿಸಿ

ಸಿಬ್ಬಂದಿಯ ಹತ್ತಿರ ಜಗಳಕ್ಕೆ ಹೋಗುವ ಮೊದಲು ಡಾಕ್ಟರ ಚೀಟಿ ತೆಗೆದು ಓದಿ. ನಮ್ಮ ಚೀಟಿಯಲ್ಲಿ 1-1-1 ಅಂತ ಇತ್ತು. ಅದು ಲೆಕ್ಕ, ಹೊತ್ತಲ್ಲ. ಸಂಸ್ಥೆಯವರ ಕೈಯಲ್ಲಿ 1-1-1 ಅಂದರೆ ತಿಂಡಿ, ಊಟ, ಊಟ. ಬೆಳಗ್ಗೆ ಎಂಟೂವರೆ, ಮಧ್ಯಾಹ್ನ ಒಂದು, ರಾತ್ರಿ ಏಳೂವರೆ. ಆಮೇಲೆ ಮರುದಿನ ಎಂಟೂವರೆಯವರೆಗೆ 13 ಗಂಟೆ ಖಾಲಿ. ಅದಕ್ಕೇ ಡಾಕ್ಟರು ಮೊದಲು 6, 2, 10 ಅಂತ ಬಾಯಲ್ಲಿ ಹೇಳಿದ್ದರು. ಬಾಯಲ್ಲಿ ಹೇಳಿದ್ದು ನಾಲ್ಕು ದಿನ ನಡೆಯಿತು.

ಈಗ ಚೀಟಿಯಲ್ಲೇ ಗಂಟೆ ಬರೆಸಿದ್ದೇವೆ: ಬೆಳಗ್ಗೆ 6, ಮಧ್ಯಾಹ್ನ 1.30, ರಾತ್ರಿ 9. ರಾತ್ರಿಯದ್ದನ್ನು 10ರಿಂದ 9ಕ್ಕೆ ತಂದದ್ದು ಅಕ್ಕ ಆಗ ಇನ್ನೂ ಎಚ್ಚರ ಇರುತ್ತಾಳೆ ಅಂತ. ಬೆಳಗಿನದ್ದು 6ಕ್ಕೇ ಯಾಕೆಂದರೆ 7ಕ್ಕೆ ಮೈ ಒರೆಸಲು ಮಾವಶಿ ಬರುತ್ತಾರೆ, ಸೊಂಟ ತಿರುಗಿಸುವಾಗಲೇ ಜೀವ ಹೋಗುವುದು. ನಿಮ್ಮವರಿಗೆ ಯಾವ ಹೊತ್ತಿಗೆ ಸ್ನಾನ, ಯಾವ ಹೊತ್ತಿಗೆ ಫಿಸಿಯೋಥೆರಪಿ ನೋಡಿಕೊಂಡು, ಮದ್ದು ಅದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಬೀಳುವಂತೆ ಡಾಕ್ಟರ ಹತ್ತಿರ ಕೇಳಿ. ಪಾಳಿ ಬದಲಾಗುವ ಹೊತ್ತಿಗೆ ಮದ್ದು ಇಡಲೇಬೇಡಿ. ಹೆಚ್ಚಿನ ಕಡೆ 8ರಿಂದ 8 ಡ್ಯೂಟಿ. ಹೋಗುವವರು ಬರುವವರು ಕೊಡುತ್ತಾರೆ ಅಂದುಕೊಳ್ಳುತ್ತಾರೆ, ಬರುವವರು ಕೊಟ್ಟಾಗಿದೆ ಅಂದುಕೊಳ್ಳುತ್ತಾರೆ. ಹೊಟೇಲಿನಲ್ಲೂ ಪಾಳಿ ಬದಲಾಗುವ ಆ ಹತ್ತು ನಿಮಿಷದಲ್ಲೇ ಟೇಬಲ್ಲಿನ ಆರ್ಡರ್ ಕಳೆದುಹೋಗುತ್ತಿದ್ದದ್ದು.

"ನಿದ್ದೆಯಲ್ಲಿದ್ದರೂ ಎಬ್ಬಿಸಿ ಕೊಡಿ" ಎಂಬ ಒಂದು ಸಾಲನ್ನೂ ಡಾಕ್ಟರಿಂದ ಬರೆಸಿಕೊಂಡೆ. ಆ ಹುಡುಗಿಗೆ ಈ ಸಾಲು ದೊಡ್ಡ ಸಮಾಧಾನ, ಎಬ್ಬಿಸುವ ಪಾಪ ಈಗ ಡಾಕ್ಟರದ್ದು. ಆದರೆ ಇದು ಪ್ಯಾರಾಸಿಟಮಾಲ್‌ಗೆ ಮಾತ್ರ. ಟ್ರಮಡಾಲ್, ಮಾರ್ಫಿನ್ ಜಾತಿಯ ಬಲವಾದ ನೋವಿನ ಮದ್ದು ತೆಗೆದುಕೊಳ್ಳುವವರು ಕರೆದರೂ, ಅಲುಗಾಡಿಸಿದರೂ ಸರಿಯಾಗಿ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮುಂದಿನ ಡೋಸ್ ಕೊಡಬಾರದು. ಕೂಡಲೇ ಡಾಕ್ಟರಿಗೆ ಫೋನ್ ಹೋಗಬೇಕು. ಇನ್ನೊಂದು ಮಾತು. ಒಂದು ಹೊತ್ತಿನದ್ದು ತಪ್ಪಿತು ಅಂತ ಮುಂದಿನ ಹೊತ್ತಿಗೆ ಎರಡು ಕೊಡುವುದು ಯಾವ ಮದ್ದಿಗೂ ಕೂಡದು. ಪ್ಯಾರಾಸಿಟಮಾಲ್ ಗಟ್ಟಿಮುಟ್ಟಾದ ದೊಡ್ಡವರಿಗೇ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ಅಕ್ಕ 41 ಕಿಲೋ, ಅವಳಿಗೆ ಡಾಕ್ಟರು ಮೂರು ಗುಳಿಗೆಗೆ, ಅಂದರೆ 2 ಗ್ರಾಂ ಒಳಗೇ ನಿಲ್ಲಿಸಿದ್ದಾರೆ. ಶೀತದ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಟ್ರಮಡಾಲ್ ಬೆರೆಸಿದ ಗುಳಿಗೆಯಲ್ಲೂ 325 ಮಿಲಿಗ್ರಾಂ ಇರುತ್ತದೆ. ಮೂಗು ಸೋರುತ್ತಿದೆ ಅಂತ ಮಾವಶಿ ಪ್ರೀತಿಯಿಂದ ಕೊಡುವ ಗುಳಿಗೆಯೂ ಲೆಕ್ಕಕ್ಕೆ ಸೇರುತ್ತದೆ.

ಎಸ್‌ಓಎಸ್ ಎಂಬ ಮೂರಕ್ಷರ

ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇದು. ಚೀಟಿಯ ಎರಡನೇ ಸಾಲಿನಲ್ಲಿ ಟ್ರಮಡಾಲ್ ಇತ್ತು, ಎದುರಿಗೆ ಎಸ್‌ಓಎಸ್. ಬೇಕಾದಾಗ ಕೊಡಿ ಅಂತ ಅರ್ಥ. ಒಂದು ತಿಂಗಳಾದ ಮೇಲೂ 10 ಗುಳಿಗೆಯ ಸ್ಟ್ರಿಪ್ ಹಾಗೇ ಇತ್ತು, ಒಂದು ಗುಳ್ಳೆಯೂ ಒಡೆದಿರಲಿಲ್ಲ. ಮ್ಯಾನೇಜರು ಅದನ್ನೇ ಎತ್ತಿ ತೋರಿಸಿ, "ನೋಡಿ, ನಿಮ್ಮ ಅಕ್ಕನಿಗೆ ನೋವೇ ಇಲ್ಲ, ಒಂದು ಸಲವೂ ಕೇಳಿಲ್ಲ" ಅಂದರು.

ಕೇಳುವುದು ಹೇಗೆ? ಅಕ್ಕನಿಗೆ ಕುಂದಾಪುರದ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವಳು "ಬೇನೆ" ಅಂದರೆ ಅಲ್ಲಿ ಯಾರಿಗೂ ತಿಳಿಯದು. ಅವಳ ಸ್ವಭಾವವೂ ಹಾಗೇ. ನಾನು ಕೇಳಿದರೂ "ಎಂತದೂ ಇಲ್ಲ ಮಾರಾಯ" ಅನ್ನುತ್ತಾಳೆ, ಅನ್ನುವಾಗ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾಳೆ. ಇಂಥವರಿಗೆ "ಬೇಕಾದಾಗ" ಅಂದರೆ ಎಂದೂ ಇಲ್ಲ.

ಹಾಗಾಗಿ ಎಸ್‌ಓಎಸ್ ಎಂದು ಬರೆದ ಪ್ರತಿ ನೋವಿನ ಮದ್ದಿಗೂ ಡಾಕ್ಟರಿಂದ ನಾಲ್ಕು ಸಂಗತಿ ಬರೆಸಿಕೊಳ್ಳಿ: ಏನು ಕಂಡರೆ ಕೊಡಬೇಕು, ಒಂದು ಸಲಕ್ಕೆ ಎಷ್ಟು, ಎರಡರ ನಡುವೆ ಎಷ್ಟು ಗಂಟೆ ಅಂತರ, ದಿನಕ್ಕೆ ಗರಿಷ್ಠ ಎಷ್ಟು. ಪ್ರತಿ ಪಾಳಿಯಲ್ಲಿ ಒಮ್ಮೆಯಾದರೂ ಸಿಸ್ಟರೇ ಬಂದು ನೋವು ಕೇಳಿ ಅಂಕ ಬರೆಯಬೇಕು ಅಂತಲೂ ಸೇರಿಸಿ. ಸೊನ್ನೆಯಿಂದ ಹತ್ತರ ಅಂಕ ಅಕ್ಕನಿಗೆ ಒಗ್ಗಲಿಲ್ಲ. ರೂಪಾಯಿಯ ಲೆಕ್ಕದಲ್ಲಿ ಕೇಳಿದರೆ ಹೇಳುತ್ತಾಳೆ: "ಹತ್ತು ರೂಪಾಯಲ್ಲಿ ಎಷ್ಟು ನೋವು?" "ಆರು." ಒಂದು ರಟ್ಟಿನ ಮೇಲೆ ನಗುವ, ಅಳುವ ಮುಖದ ಚಿತ್ರ ಬರೆದು, ಕೆಳಗೆ ಮರಾಠಿಯಲ್ಲಿ "ದುಖ್ತಯ್", "ಖೂಪ್ ದುಖ್ತಯ್" (ನೋಯುತ್ತಿದೆ, ತುಂಬಾ ನೋಯುತ್ತಿದೆ) ಅಂತ ಬರೆಸಿ ತಲೆದಿಂಬಿನ ಹತ್ತಿರ ಇಟ್ಟೆ. ಬರೆದುಕೊಟ್ಟದ್ದು ಪಕ್ಕದ ಮಂಚದ ಟೀಚರೇ. ಅಕ್ಷರ ಮುತ್ತಿನ ಹಾಗೆ.

ಮರೆವಿನ ಕಾಯಿಲೆಯಿಂದ ಮಾತೇ ನಿಂತವರಿಗೆ ರಟ್ಟೂ ಸಾಲದು. ಅಂಥವರಿಗಾಗಿ 2003ರಲ್ಲಿ ಬಂದ ಪೇನ್‌ಆ್ಯಡ್ ಎಂಬ ಅಳತೆ ಇದೆ. ಐದು ಸಂಗತಿ ನೋಡುವುದು: ಉಸಿರಾಟ, ನರಳುವ ದನಿ, ಮುಖ, ಮೈಯ ಭಂಗಿ, ಸಮಾಧಾನ ಮಾಡಿದರೆ ಆಗುತ್ತಾರೋ ಇಲ್ಲವೋ. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಅದೇ ಕೋಣೆಯ ಮೂರನೇ ಮಂಚದ ಅಜ್ಜಿಯನ್ನು "ಹಟಮಾರಿ, ಮೈ ಮುಟ್ಟಿದರೆ ಹೊಡೆಯುತ್ತಾರೆ" ಅಂತ ಎಲ್ಲರೂ ಅನ್ನುತ್ತಿದ್ದರು. ಬರುವ ಡಾಕ್ಟರು ಈ ಅಳತೆಯಲ್ಲಿ ನೋಡಿದರೆ 7. ಅವರ ಭುಜದ ಕೀಲು ಸರಿದಿತ್ತು.

ಎಣಿಕೆ

ಈಗ ನನ್ನ ಪದ್ಧತಿ. ಸಂಸ್ಥೆಯ ಚಾರ್ಟಿನ ತಂಟೆಗೆ ನಾನು ಹೋಗುವುದಿಲ್ಲ, ಅದು ಅವರ ದಾಖಲೆ. ನನ್ನದು ಎರಡು ರೂಪಾಯಿಯ ಪುಸ್ತಕ ಅಂತ ಹೇಳಬೇಕೆಂದಿದ್ದೆ, ಈಗ ಆ ಬೆಲೆಗೆ ಪೆನ್ಸಿಲ್ಲೂ ಬರುವುದಿಲ್ಲ. ಅದರಲ್ಲಿ ಹೊಟೇಲಿನ ಸ್ಟೋರ್ ಬುಕ್ಕಿನ ಹಾಗೆ ನಾಲ್ಕು ಮನೆ: ಹಿಂದಿನ ಬಾಕಿ, ಹೊಸದಾಗಿ ಕೊಟ್ಟದ್ದು, ಖರ್ಚಾಗಬೇಕಾದದ್ದು, ಈಗ ಇರುವುದು. ಪ್ರತಿ ಭಾನುವಾರ ಸಂಜೆ 5ಕ್ಕೆ, ಸಿಸ್ಟರ್ ಎದುರಿಗೇ, ಸ್ಟ್ರಿಪ್ ಮಂಚದ ಮೇಲಿಟ್ಟು ಎಣಿಸುತ್ತೇನೆ, ಇಬ್ಬರೂ ಸಹಿ ಹಾಕುತ್ತೇವೆ. ಅವರ ಬೆನ್ನ ಹಿಂದೆ ಎಣಿಸಿದರೆ ಅದು ಪತ್ತೇದಾರಿಕೆ, ಮುಂದೆ ಎಣಿಸಿದರೆ ಲೆಕ್ಕ. ತಾಳೆಯಾದ ದಿನ ಹಾಗಂತ ಗಟ್ಟಿಯಾಗಿ ಹೇಳುತ್ತೇನೆ. ಊರಿಂದ ತರಿಸಿದ ಗೋಡಂಬಿ ಪೊಟ್ಟಣವನ್ನೂ ಕೊಡುತ್ತೇನೆ, ಆದರೆ ತಾಳೆಯಾಗದ ದಿನವೂ ಕೊಡುತ್ತೇನೆ. ಅದು ಲಂಚ ಆಗಬಾರದು ನೋಡಿ.

ಸಹಿ ಕೊಟ್ಟ ಕ್ಷಣದಲ್ಲೇ ಬೀಳಬೇಕು, ಪಾಳಿಯ ಕೊನೆಗೆ ಸಾಲಾಗಿ ಅಲ್ಲ; ಕೊಡದೆ ಹೋದರೆ ಚೌಕ ಖಾಲಿ ಬಿಟ್ಟು ಕಾರಣ ಬರೆಯಬೇಕು. ಇದನ್ನು ಮ್ಯಾನೇಜರ ಹತ್ತಿರ ಕೇಳಿಕೊಂಡೆ, ಒಪ್ಪಿದರು. "ಖಾಲಿ ಚೌಕಕ್ಕೆ ನಾನು ಬೈಯುವುದಿಲ್ಲ, ಸುಳ್ಳು ಸಹಿಗೆ ಬೈಯುತ್ತೇನೆ" ಎಂದು ಹುಡುಗಿಯರಿಗೆ ಹೇಳಿದ್ದೇನೆ. ಮೊದಲ ವಾರ ಮೂರು ಖಾಲಿ ಚೌಕ ಬಂತು. ಒಂದರಲ್ಲಿ "ವಾಂತಿ" ಅಂತಿತ್ತು, ಎರಡರಲ್ಲಿ "ಕಪಾಟಿಗೆ ಬೀಗ". ಕೀಲಿಯ ವಿಷಯ ಹೊರಬಂದದ್ದೇ ಹಾಗೆ. ಈಗ ಒಂದು ಕೀಲಿ ರಾತ್ರಿಯ ಸಿಸ್ಟರ್ ಕೈಗೆ ಬಂದಿದೆ.

ಸ್ಟಾಕು ಮತ್ತು ಮಳೆ

ಪ್ಯಾರಾಸಿಟಮಾಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಟ್ರಮಡಾಲ್ ಹಾಗಲ್ಲ. 2018ರಿಂದ ಅದು ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾನೂನಿನೊಳಗೆ ಬಂದಿದೆ. ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಎಚ್1 ಪಟ್ಟಿಯಲ್ಲೂ ಇರುವುದರಿಂದ ಮೆಡಿಕಲ್ಲಿನವರು ಚೀಟಿ ನೋಡಿ, ಡಾಕ್ಟರ ಹೆಸರು, ರೋಗಿಯ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು, ಆ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿ ಇಲ್ಲದೆ "ಅಣ್ಣಾ, ಪರಿಚಯದವರು" ಅಂದರೆ ನಡೆಯದು, ನಡೆಯಲೂ ಬಾರದು. ವಿಡಿಯೋ ಕಾಲಿನಲ್ಲಿ ಡಾಕ್ಟರಿಂದ ಬರೆಸಿಕೊಂಡರಾಯಿತು ಅಂದುಕೊಂಡಿದ್ದೆ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಎನ್‌ಡಿಪಿಎಸ್ ಮದ್ದನ್ನು ಹಾಗೆ ಬರೆಯುವಂತಿಲ್ಲ. ಅಂದರೆ ಡಾಕ್ಟರು ಖುದ್ದು ನೋಡುವ ದಿನವನ್ನು ಮದ್ದು ಮುಗಿಯುವ ದಿನಕ್ಕಿಂತ ಮುಂಚೆ ಗೊತ್ತುಮಾಡಬೇಕು. ನಾನು ಸ್ಟ್ರಿಪ್ಪಿನ ಕೊನೆಯ ಏಳು ದಿನದ ಮದ್ದಿನ ಮೇಲೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿಡುತ್ತೇನೆ. ಬ್ಯಾಂಡ್ ಬಿಚ್ಚಬೇಕಾದ ದಿನ ಸಿಸ್ಟರ್ ನನಗೆ ಮಿಸ್ಡ್ ಕಾಲ್ ಕೊಡುತ್ತಾಳೆ.

ಏಳು ದಿನ ಯಾಕೆ? ಜುಲೈ ತಿಂಗಳಲ್ಲಿ ಕಲ್ಯಾಣದಿಂದಾಚೆ ಹೋಗಿಬಂದವರಿಗೆ ಹೇಳಬೇಕಾಗಿಲ್ಲ. 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ ಬದ್ಲಾಪುರ, ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿ ತಂದು ಇಳಿಸಬೇಕಾಯಿತು. ಅಂಥ ದಿನ ನನ್ನ ಲೋಕಲ್ಲೂ ಇಲ್ಲ, ಮೆಡಿಕಲ್ಲಿನ ಹುಡುಗನ ಬೈಕೂ ಇಲ್ಲ.

ಪಟ್ಟಿ

ಎರಡು ತಿಂಗಳಿಂದ ಡಾಕ್ಟರು ಟ್ರಮಡಾಲ್ ನಿಲ್ಲಿಸಿ ಅದೇ ಜಾತಿಯ ಬುಪ್ರೆನಾರ್ಫಿನ್ ಎಂಬ ಮದ್ದಿನ, ಚರ್ಮಕ್ಕೆ ಅಂಟಿಸುವ ಪಟ್ಟಿ ಹಚ್ಚಿಸುತ್ತಿದ್ದಾರೆ, ಏಳು ದಿನಕ್ಕೊಂದು. ಗಂಟೆಯ ತಾಪತ್ರಯ ಇಲ್ಲವೆಂದು ಖುಷಿಪಟ್ಟೆ. ಅದಕ್ಕೂ ಅದರದ್ದೇ ತಪ್ಪುಗಳಿವೆ. ಹಳೆಯದನ್ನು ತೆಗೆಯದೆ ಹೊಸದನ್ನು ಹಚ್ಚಿದರೆ ಮದ್ದು ಎರಡು ಪಟ್ಟು. ಹಾಗಾಗಿ ಹಚ್ಚಿದ ದಿನ, ಗಂಟೆ, ಮೈಯ ಯಾವ ಜಾಗ ಎಂದು ಚಾರ್ಟಿನಲ್ಲಿ ಬರೆಯಬೇಕು, ತೆಗೆದದ್ದನ್ನು ಅಂಟು ಒಳಗೆ ಬರುವಂತೆ ಮಡಚಿ, ಎಣಿಸಿ ವಿಲೇವಾರಿ ಮಾಡಬೇಕು. ಪ್ರತಿ ಸಲ ಬೇರೆ ಜಾಗ. ಅದರ ಮೇಲೆ ಶಾಖ ತಾಗಬಾರದು, ತಾಗಿದರೆ ಮದ್ದು ಬೇಗ ಬೇಗ ಮೈಗಿಳಿಯುತ್ತದೆ. ಅಕ್ಕನಿಗೋ ಬಿಸಿನೀರಿನ ಚೀಲ ಎಂದರೆ ಪ್ರಾಣ, ಬೆನ್ನಿಗೆ ಇಟ್ಟುಕೊಂಡೇ ಮಲಗುವವಳು. ಚೀಲವನ್ನು ಪಾದಕ್ಕೆ ಮಾತ್ರ ಎಂದು ಒಪ್ಪಿಸಲು ನನಗೆ ಮೂರು ಭಾನುವಾರ ಬೇಕಾಯಿತು. ಈ ಜಾತಿಯ ಮದ್ದಿಗೆ ಮಲ ಕಟ್ಟುತ್ತದೆ, ಅದಕ್ಕೆ ಬೇರೆ ಮದ್ದನ್ನು ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ. ಎಸ್‌ಆರ್ ಎಂದು ಬರೆದಿರುವ, ಮದ್ದನ್ನು ನಿಧಾನವಾಗಿ ಬಿಡುವ ಗುಳಿಗೆಯನ್ನು ನುಂಗಲಾಗದವರಿಗೆ ಪುಡಿಮಾಡಿ ಕೊಡುವುದೂ ಅಪಾಯ. ಹನ್ನೆರಡು ಗಂಟೆಯ ಮದ್ದು ಒಮ್ಮೆಲೇ ಇಳಿಯುತ್ತದೆ.

ಹೇಳಿದರೂ ಸರಿಹೋಗದಿದ್ದರೆ ಬರವಣಿಗೆಯಲ್ಲಿ ಕೊಡಿ: ಯಾವ ದಿನ, ಯಾವ ಗಂಟೆ, ಎಷ್ಟು ಗುಳಿಗೆ ಹೆಚ್ಚು ಉಳಿದಿದೆ. "ನಿಮ್ಮಲ್ಲಿ ಯಾರೂ ನೋಡುವುದೇ ಇಲ್ಲ" ಎಂಬ ಮಾತಿಗೆ ಉತ್ತರ ಸುಲಭ, "21ರಲ್ಲಿ 5" ಎಂಬುದಕ್ಕೆ ಕಷ್ಟ. ಅದಕ್ಕೂ ಜಗ್ಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ನೋವು ಮದ್ದಿಗೇ ಬಗ್ಗದಿದ್ದರೆ ಅದು ಸಿಬ್ಬಂದಿಯ ತಪ್ಪಲ್ಲ, ನೋವು ಇಳಿಸುವುದನ್ನೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಡಾಕ್ಟರಿಗೆ ತೋರಿಸಿ. ಕ್ಯಾನ್ಸರಿನವರಿಗೆ ಪರೇಲಿನ ಟಾಟಾ ಮೆಮೋರಿಯಲ್, ಬಾಂದ್ರಾದಲ್ಲಿ 1986ರಿಂದ ಇರುವ ಶಾಂತಿ ಅವೇದನಾ ಸದನ, ಪುಣೆಯ ವಾರ್ಜೆಯಲ್ಲಿ ಸಿಪ್ಲಾದವರ ಕೇಂದ್ರ ಇವೆ.

ಕಳೆದ ಭಾನುವಾರವೂ ಮಂಚದ ಮೇಲೆ ಸ್ಟ್ರಿಪ್ ಹರಡಿಕೊಂಡು ಕೂತಿದ್ದೆ. 9 ಇರಬೇಕಿತ್ತು, 9 ಇತ್ತು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದೆ. ಲಾತೂರಿನ ಹುಡುಗಿ ಸಹಿ ಹಾಕಲು ಪೆನ್ನು ಹಿಡಿದು ನಿಂತಿದ್ದಳು. ಅಕ್ಕ ಕಂಬಿ ಬಿಟ್ಟು ಕೈ ಚಾಚಿ ನನ್ನ ಲೋಟ ಮುಟ್ಟಿ ನೋಡಿದಳು. "ಎಷ್ಟ್ ಸಲ ಎಣ್ಸುದ್ ಮಾರಾಯ, ಚಾ ತಣ್ದ್ ಹೋಯ್ತ್."